ಬೆರಳಿಗೆ ಬಾಗದ ಡೆಸ್ಕ್‌ಟಾಪ್: ಫೋನಿನಲ್ಲಿ ಹಗುರ ಲಿನಕ್ಸ್

ಅಕ್ಕನ ಮಗಳು ಮಾನ್ವಿಯಿಂದ ಓದಲು ಬಂದು ರಾಯಚೂರಿನ ನಮ್ಮ ಮನೆಯಲ್ಲಿದ್ದಾಳೆ. ಕಾಲೇಜಿನಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪಾಠ ಶುರುವಾಯಿತು, ಕೈಯಲ್ಲಿ ಲ್ಯಾಪ್‌ಟಾಪ್ ಇಲ್ಲ. “ಮಾಮಾ, ಫೋನಿನಲ್ಲೇ ಲಿನಕ್ಸ್ ಹಾಕಿಕೊಳ್ಳಬಹುದಂತೆ. ಹಾಕಿಕೊಡುತ್ತೀರೇನು?” ಎಂದು ಕೇಳಿದಳು. ತೀನ್ ಕಂದೀಲ್ ಹತ್ತಿರ ಡಿಟಿಪಿ ಅಂಗಡಿ ಇಟ್ಟುಕೊಂಡು ದಿನವಿಡೀ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆಯ ಮುಂದೆಯೇ ಕೂರುವ ನನಗೆ ಇದು ಒಂದು ಸಂಜೆಯ ಕೆಲಸ ಎನಿಸಿತು. ಪರದೆಯ ಮೇಲೆ ಡೆಸ್ಕ್‌ಟಾಪ್ ಮೂಡಲು ನಿಜಕ್ಕೂ ಒಂದು ಸಂಜೆ ಸಾಕಾಯಿತು. ಅದು ಬೆರಳಿನ ಮಾತು ಕೇಳುವಂತಾಗಲು ಎರಡು ವಾರ ಹಿಡಿಯಿತು.

ಮೊದಲು ಒಂದು ಗೊಂದಲ ಬಗೆಹರಿಯಬೇಕು. ಆಂಡ್ರಾಯ್ಡ್ ಫೋನಿಗೆ ಲಿನಕ್ಸನ್ನು ಎಲ್ಲಿಂದಲೋ ತಂದು ಹಾಕಬೇಕಿಲ್ಲ, ಅದು ಒಳಗೇ ಇದೆ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಬರೆಯತೊಡಗಿದ ಕರ್ನೆಲ್ಲೇ ಇಂದು ಪ್ರತಿ ಆಂಡ್ರಾಯ್ಡ್ ಫೋನಿನ ತಳದಲ್ಲಿ ಓಡುತ್ತಿದೆ. ಹಿಂದೆ ನಮ್ಮ ಕಡೆ ಒಂದೇ ಡೀಸೆಲ್ ಎಂಜಿನ್ನಿಗೆ ಬೆಳಿಗ್ಗೆ ಬಾವಿಯ ಪಂಪು, ಮಧ್ಯಾಹ್ನ ಹಿಟ್ಟಿನ ಗಿರಣಿ ಎಂದು ಪಟ್ಟಾ ಬದಲಿಸಿ ಓಡಿಸುವವರಿದ್ದರು. ಎಂಜಿನ್ ಅದೇ. ಪಟ್ಟಾ ಎಲ್ಲಿಗೆ ಹಾಕಿದ್ದೀರಿ ಎಂಬುದರ ಮೇಲೆ ನೀರು ಬರುತ್ತದೋ ಹಿಟ್ಟು ಬರುತ್ತದೋ ತೀರ್ಮಾನವಾಗುತ್ತಿತ್ತು. ಫೋನಿನಲ್ಲಿ ಕರ್ನೆಲ್ ಎಂಬ ಎಂಜಿನ್ನಿಗೆ ಗೂಗಲ್ ತನ್ನದೇ ಗಿರಣಿ ಕೂರಿಸಿದೆ. ಬಯೋನಿಕ್ ಎಂಬ ತನ್ನದೇ ಸಿ ಲೈಬ್ರರಿ (ಪ್ರೋಗ್ರಾಮುಗಳೆಲ್ಲ ಬಳಸುವ ಸಿದ್ಧ ಸಂಕೇತದ ಕಟ್ಟು), ಪರದೆಗೆ ಚಿತ್ರ ಜೋಡಿಸುವ ತನ್ನದೇ ವ್ಯವಸ್ಥೆ, ತನ್ನದೇ ಆ್ಯಪ್ ಪದ್ಧತಿ. ಡೆಬಿಯನ್, ಉಬುಂಟು ಮುಂತಾದ ಡೆಸ್ಕ್‌ಟಾಪ್ ಲಿನಕ್ಸಿನ ತಂತ್ರಾಂಶಗಳು ನಿರೀಕ್ಷಿಸುವುದು ಜಿಲಿಬ್‌ಸಿ ಎಂಬ ಬೇರೆ ಲೈಬ್ರರಿಯನ್ನು, ಎಕ್ಸ್11 ಅಥವಾ ವೇಲ್ಯಾಂಡ್ ಎಂಬ ಬೇರೆ ಪರದೆ ವ್ಯವಸ್ಥೆಯನ್ನು. ಹಾಗಾಗಿ ಫೋನಿನಲ್ಲಿ ಲಿನಕ್ಸ್ ಡೆಸ್ಕ್‌ಟಾಪ್ ಹಾಕುವುದೆಂದರೆ ಇರುವ ಎಂಜಿನ್ನಿಗೆ ಇನ್ನೊಂದು ಪಟ್ಟಾ ಹಾಕುವುದು.

ಅದಕ್ಕೆ ಎರಡು ದಾರಿಗಳಿವೆ. ಆಂಡ್ರಾಯ್ಡನ್ನು ಹಾಗೆಯೇ ಉಳಿಸಿ ಅದರ ಮೇಲೊಂದು ಲಿನಕ್ಸ್ ಮನೆ ಕಟ್ಟುವುದು ಒಂದು. ಆಂಡ್ರಾಯ್ಡನ್ನೇ ಅಳಿಸಿ ಬೇರೆ ಲಿನಕ್ಸ್ ಹಾಕುವುದು ಇನ್ನೊಂದು. ಈಚೆಗೆ ಮೂರನೆಯದೂ ಹುಟ್ಟಿದೆ. 2025ರ ಮಾರ್ಚ್‌ನಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನುಗಳಿಗೆ ಟರ್ಮಿನಲ್ ಎಂಬ ಆ್ಯಪ್ ಕೊಟ್ಟಿತು. ಅದು ಫೋನಿನೊಳಗೆ ಒಂದು ವರ್ಚುವಲ್ ಯಂತ್ರ ಸೃಷ್ಟಿಸಿ ಅದರಲ್ಲಿ ಡೆಬಿಯನ್ ಓಡಿಸುತ್ತದೆ. ನಮ್ಮೂರಿನ ವಿದ್ಯಾರ್ಥಿಗಳ ಕೈಯಲ್ಲಿ ಪಿಕ್ಸೆಲ್ ಕಾಣುವುದು ಅಪರೂಪ, ಆದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ.

ಆಂಡ್ರಾಯ್ಡ್ ಉಳಿಸಿಕೊಂಡು

ಮೊದಲ ದಾರಿಯ ಬಾಗಿಲು ಟರ್ಮಕ್ಸ್ ಎಂಬ ಆ್ಯಪ್. ಎಫ್-ಡ್ರಾಯ್ಡ್ ಎಂಬ ಮುಕ್ತ ತಂತ್ರಾಂಶ ಭಂಡಾರದಿಂದ ಅದನ್ನು ಇಳಿಸಿಕೊಳ್ಳುವುದು ವಾಡಿಕೆ. ತೆರೆದರೆ ಕಪ್ಪು ಪರದೆ, ಮಿಣುಕುವ ಕರ್ಸರ್. ಅಲ್ಲಿಂದ ಪ್ರೂಟ್-ಡಿಸ್ಟ್ರೊ ಎಂಬ ಉಪಕರಣವನ್ನು ಹಾಕಿಕೊಂಡರೆ ಡೆಬಿಯನ್ನಿನ ಇಡೀ ಕಡತ ವ್ಯವಸ್ಥೆ ಟರ್ಮಕ್ಸಿನ ಒಂದು ಫೋಲ್ಡರಿನೊಳಗೆ ಬಂದು ಕೂರುತ್ತದೆ. ಪರದೆಗಾಗಿ ಟರ್ಮಕ್ಸ್ ಎಕ್ಸ್11 ಎಂಬ ಜೊತೆ ಆ್ಯಪ್ ಬೇಕು. ಇದು ಎಕ್ಸ್ ಸರ್ವರ್, ಅಂದರೆ ಡೆಬಿಯನ್ ಬರೆದ ಚಿತ್ರವನ್ನು ಆಂಡ್ರಾಯ್ಡ್ ಕಿಟಕಿಯಲ್ಲಿ ತೋರಿಸುವ ಪರದೆವಾಲ. ಫೋನನ್ನು ರೂಟ್ ಮಾಡಬೇಕಿಲ್ಲ, ಅಂದರೆ ಅದರ ಪೂರ್ಣ ಅಧಿಕಾರ ಕೈಗೆ ತೆಗೆದುಕೊಳ್ಳಬೇಕಿಲ್ಲ, ಏನನ್ನೂ ಅಳಿಸಬೇಕಿಲ್ಲ. ಬೇಡವಾದರೆ ಆ್ಯಪ್ ತೆಗೆದರಾಯಿತು. ನಾಲ್ಕೈದು ಜಿಬಿ ಜಾಗ ಖಾಲಿ ಇರಲಿ.

ರೂಟ್ ಇಲ್ಲದೆ ಡೆಬಿಯನ್ ಹೇಗೆ ಓಡುತ್ತದೆ ಎಂಬ ಪ್ರಶ್ನೆಯಲ್ಲೇ ಇದರ ಬಲವೂ ಇದೆ, ದೌರ್ಬಲ್ಯವೂ ಇದೆ. ಡೆಬಿಯನ್ನಿನ ಯಾವುದೇ ಪ್ರೋಗ್ರಾಂ ತನ್ನ ಕಡತಗಳನ್ನು ಮೂಲ ಫೋಲ್ಡರಿನಲ್ಲಿ ಹುಡುಕುತ್ತದೆ. ಫೋನಿನ ಮೂಲ ಫೋಲ್ಡರಿನಲ್ಲಿರುವುದು ಆಂಡ್ರಾಯ್ಡ್. ಆಗ ಪ್ರೂಟ್ ನಡುವೆ ನಿಂತು ಪ್ರತಿ ಕೋರಿಕೆಯನ್ನೂ ತಡೆದು, ವಿಳಾಸ ತಿದ್ದಿ, ಟರ್ಮಕ್ಸಿನೊಳಗಿನ ಡೆಬಿಯನ್ ಫೋಲ್ಡರಿಗೆ ಕಳಿಸುತ್ತದೆ. ನಮ್ಮ ಗಂಜ್ ಮಾರುಕಟ್ಟೆಯಲ್ಲಿ ಹತ್ತಿ ತಂದ ರೈತನ ಲೆಕ್ಕವೆಲ್ಲ ದಲ್ಲಾಳಿ ಅಂಗಡಿಯ ಗುಮಾಸ್ತನ ಕೈ ದಾಟಿಯೇ ಹೋಗುವ ಹಾಗೆ. ಗುಮಾಸ್ತ ಇದ್ದ ಮೇಲೆ ತಡ ಇದ್ದದ್ದೇ. ಆದರೆ ಎಲ್ಲ ಕೆಲಸವೂ ತಡವಾಗುವುದಿಲ್ಲ. ಸಾವಿರಾರು ಸಣ್ಣ ಕಡತಗಳನ್ನು ಬಿಚ್ಚುವ ಕೆಲಸ, ಉದಾಹರಣೆಗೆ ಹೊಸ ತಂತ್ರಾಂಶ ಹಾಕುವುದು, ಆಮೆಯ ನಡಿಗೆಯಲ್ಲಿ ಸಾಗುತ್ತದೆ. ಪ್ರೊಸೆಸರ್ ಒಳಗೇ ನಡೆಯುವ ಲೆಕ್ಕಾಚಾರಕ್ಕೆ ಗುಮಾಸ್ತನ ಹಂಗಿಲ್ಲ, ಅದು ಪೂರ್ಣ ವೇಗದಲ್ಲೇ ಓಡುತ್ತದೆ. ಅಕ್ಕನ ಮಗಳು ಬರೆದ ಅವಿಭಾಜ್ಯ ಸಂಖ್ಯೆಗಳ ಪ್ರೋಗ್ರಾಂ ನನ್ನ ಅಂಗಡಿಯ ಹಳೆಯ ಕಂಪ್ಯೂಟರಿಗಿಂತ ಅವಳ ಫೋನಿನಲ್ಲೇ ಬೇಗ ಮುಗಿದಾಗ ನನಗೆ ಸ್ವಲ್ಪ ಮುಜುಗರವೇ ಆಯಿತು.

ಡೆಬಿಯನ್ ಏಕೆ, ಟರ್ಮಕ್ಸಿನಲ್ಲೇ ಪೈಥಾನ್ ಸಿಗುತ್ತದಲ್ಲ ಎಂದು ಕೇಳಬಹುದು. ಸಿಗುತ್ತದೆ. ಆದರೆ ಪೈಥಾನಿನ ದೊಡ್ಡ ಲೈಬ್ರರಿಗಳು ಸಿದ್ಧ ರೂಪದಲ್ಲಿ ಸಿಗುವುದು ಹೆಚ್ಚಾಗಿ ಜಿಲಿಬ್‌ಸಿ ಇರುವ ಲಿನಕ್ಸಿಗೆ. ಬಯೋನಿಕ್ ಮೇಲೆ ಅವುಗಳಲ್ಲಿ ಎಷ್ಟನ್ನೋ ಮೂಲ ಸಂಕೇತದಿಂದಲೇ ಕಟ್ಟಿಕೊಳ್ಳಬೇಕಾಗುತ್ತದೆ. ಓದುವ ಹುಡುಗಿಗೆ ಆ ರಗಳೆ ಬೇಡ.

ಇಷ್ಟಾಗಿ ಮೊದಲ ಸಂಜೆ ಏಳೂವರೆಗೆ ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಮೂಡಿತು. ನೀಲಿ ಹಿನ್ನೆಲೆ, ಇಲಿಯ ಚಿತ್ರವಿರುವ ಮೆನು ಗುಂಡಿ. ಫೈರ್‌ಫಾಕ್ಸ್ ತೆರೆದೆವು. ಒಂದು ನಿಮಿಷ ಚೆನ್ನಾಗಿತ್ತು, ಆಮೇಲೆ ಇಡೀ ಡೆಸ್ಕ್‌ಟಾಪ್ ಹೇಳದೆ ಕೇಳದೆ ಮಾಯ. ಟರ್ಮಕ್ಸಿನಲ್ಲಿ ಉಳಿದದ್ದು ಒಂದೇ ಸಾಲು: ಸಿಗ್ನಲ್ 9. ಲಿನಕ್ಸಿನಲ್ಲಿ ಪ್ರೋಗ್ರಾಮಿಗೆ ನಿಲ್ಲು ಎಂದು ವಿನಂತಿಸುವ ಸಿಗ್ನಲ್ಲುಗಳಿವೆ. ಒಂಬತ್ತನೆಯದು ಅಂಥದ್ದಲ್ಲ. ಅದು ಕತ್ತು ಹಿಡಿದು ಹೊರಹಾಕುವ ಸಿಗ್ನಲ್, ತಡೆಯಲು ಯಾವ ಪ್ರೋಗ್ರಾಮಿಗೂ ಆಗದು.

ಹೊರಹಾಕಿದ್ದು ಆಂಡ್ರಾಯ್ಡ್. 2021ರ ಆಂಡ್ರಾಯ್ಡ್ 12ರಿಂದ ಒಂದು ಹೊಸ ಕಾವಲು ಬಂದಿದೆ. ಆ್ಯಪ್‌ಗಳು ತಮ್ಮೊಳಗಿಂದ ಹುಟ್ಟಿಸುವ ಮರಿ ಪ್ರಕ್ರಿಯೆಗಳು ಎಲ್ಲ ಸೇರಿ 32ರ ಗಡಿ ದಾಟಿದರೆ ಅದು ಹೆಚ್ಚುವರಿಯನ್ನು ಕೊಲ್ಲತೊಡಗುತ್ತದೆ. ಬ್ಯಾಟರಿ ತಿನ್ನುವ ಆ್ಯಪ್‌ಗಳಿಗೆ ಮೂಗುದಾರ ಹಾಕಲು ಮಾಡಿದ ನಿಯಮ ಇದು. ಇಡೀ ಡೆಸ್ಕ್‌ಟಾಪನ್ನೇ ಒಂದು ಆ್ಯಪ್ ಹೊಟ್ಟೆಯಲ್ಲಿಟ್ಟುಕೊಂಡ ನಮ್ಮಂಥವರಿಗೆ ಅದೇ ಕುತ್ತಿಗೆಗೆ ಬರುತ್ತದೆ. ಲೆಕ್ಕ ಹಾಕಿ ನೋಡಿ. ಸೆಷನ್ ಒಂದು, ವಿಂಡೋ ನೋಡಿಕೊಳ್ಳುವುದು ಒಂದು, ಪ್ಯಾನೆಲ್ ಒಂದು, ಅದರ ಕೆಲವು ತುಣುಕುಗಳಿಗೆ ಒಂದೊಂದು, ಕಡತ ನಿರ್ವಾಹಕ, ಧ್ವನಿ, ಒಳಗಿನ ಸಂದೇಶ ವ್ಯವಸ್ಥೆ, ಇವೆಲ್ಲವನ್ನು ಹೊತ್ತ ಪ್ರೂಟ್. ಇಷ್ಟರಲ್ಲೇ ಅರ್ಧ ಗಡಿ ಮುಟ್ಟಿರುತ್ತದೆ. ಇನ್ನು ಬ್ರೌಸರ್ ತೆರೆದರೆ ಪ್ರತಿ ಟ್ಯಾಬಿಗೂ ಮರಿಗಳು. ಮುಗಿಯಿತು ಕಥೆ.

ಆಂಡ್ರಾಯ್ಡ್ 14 ಇರುವ ಫೋನಾದರೆ ಡೆವಲಪರ್ ಆಯ್ಕೆಗಳಲ್ಲಿ ಮರಿ ಪ್ರಕ್ರಿಯೆಗಳ ನಿರ್ಬಂಧ ತೆಗೆಯುವ ಒಂದು ಗುಂಡಿ ಇದೆ, ಒತ್ತಿದರೆ ಸಾಕು. 12 ಮತ್ತು 13ರಲ್ಲಿ ಆ ಗುಂಡಿ ಇಲ್ಲ, ಎಡಿಬಿ ಎಂಬ ಉಪಕರಣದಿಂದ ಆಜ್ಞೆ ಕೊಡಬೇಕು. ಇನ್ನೊಂದು ಕಂಪ್ಯೂಟರಿನಿಂದಲೂ ಕೊಡಬಹುದು, ವೈರ್‌ಲೆಸ್ ಡೀಬಗ್ಗಿಂಗ್ ಚಾಲೂ ಮಾಡಿ ಅದೇ ಫೋನಿನಿಂದಲೂ ಕೊಡಬಹುದು. ಜೊತೆಗೆ ಟರ್ಮಕ್ಸಿನ ಅಧಿಸೂಚನೆಯಲ್ಲಿ ಫೋನು ನಿದ್ದೆಗೆ ಜಾರದಂತೆ ತಡೆಯುವ ವೇಕ್‌ಲಾಕ್ ಒತ್ತಿ, ಬ್ಯಾಟರಿ ಉಳಿತಾಯದ ಪಟ್ಟಿಯಿಂದ ಅದನ್ನು ಹೊರಗಿಡಿ. ಇದನ್ನು ಮೊದಲೇ ಓದಿಕೊಂಡಿದ್ದರೆ ನನಗೆ ಮೂರು ಸಂಜೆ ಉಳಿಯುತ್ತಿತ್ತು. ನಾನು ಅಷ್ಟೂ ಹೊತ್ತು ತಪ್ಪು ಹುಡುಕಿದ್ದು ಡೆಬಿಯನ್ನಿನಲ್ಲಿ.

ಹಗುರ ಎಂದರೆ ಯಾವುದು

ಹಗುರ ಡೆಸ್ಕ್‌ಟಾಪ್ ಎಂದ ಕೂಡಲೇ ಎಲ್ಲರೂ ರ್‍ಯಾಮ್ ಲೆಕ್ಕ ಶುರು ಮಾಡುತ್ತಾರೆ. 1996ರಿಂದ ಬಂದಿರುವ ಎಕ್ಸ್‌ಎಫ್‌ಸಿಇ, 2006ರ ಎಲ್‌ಎಕ್ಸ್‌ಡಿಇ, ಅದರ ಮುಂದಿನ ಪೀಳಿಗೆಯ ಎಲ್‌ಎಕ್ಸ್‌ಕ್ಯೂಟಿ, ಇನ್ನೂ ಬಡಕಲಾದ ಓಪನ್‌ಬಾಕ್ಸ್, ಐಸ್‌ಡಬ್ಲ್ಯೂಎಂ. ಇವುಗಳ ನಡುವೆ ನೂರಿನ್ನೂರು ಎಂಬಿ ವ್ಯತ್ಯಾಸಕ್ಕಾಗಿ ಜನ ಜಗಳವಾಡುವುದನ್ನು ನೋಡಿದ್ದೇನೆ. ಫೋನಿನಲ್ಲಿ ಆ ಜಗಳಕ್ಕೆ ಅರ್ಥವಿಲ್ಲ. ಭಾರ ಇರುವುದು ಬ್ರೌಸರಿನಲ್ಲಿ. ನಾಲ್ಕು ಟ್ಯಾಬ್ ತೆರೆದರೆ ಅದೊಂದೇ ಇಡೀ ಡೆಸ್ಕ್‌ಟಾಪಿನ ಹಲವು ಪಟ್ಟು ನುಂಗುತ್ತದೆ. ಸಾಲದ್ದಕ್ಕೆ, ಪ್ರೂಟ್ ಒಳಗಿನ ಲಿನಕ್ಸಿಗೆ ಫೋನಿನ ಗ್ರಾಫಿಕ್ಸ್ ಚಿಪ್ ಸಾಮಾನ್ಯವಾಗಿ ನೇರ ಕೈಗೆಟುಕುವುದಿಲ್ಲ. ಚಿತ್ರ ಬರೆಯುವ ಕೂಲಿಯೂ ಪ್ರೊಸೆಸರ್ ತಲೆಗೇ ಬೀಳುತ್ತದೆ. ಅದೇ ಫೋನಿನ ಆಂಡ್ರಾಯ್ಡ್ ಬ್ರೌಸರಿಗೆ ಆ ಚಿಪ್ ಪೂರ್ತಿ ಸಿಗುತ್ತದೆ.

ಹಾಗಾಗಿ ನಾನು ಬಂದ ತೀರ್ಮಾನ ಇದು: ಲಿನಕ್ಸಿನೊಳಗೆ ಬ್ರೌಸರನ್ನೇ ಹಾಕಬೇಡಿ. ಜಾಲತಾಣ ನೋಡಲು ಆಂಡ್ರಾಯ್ಡಿಗೆ ಜಿಗಿಯಿರಿ, ಎರಡೂ ಒಂದೇ ಫೋನಿನಲ್ಲಿವೆಯಲ್ಲ. ಲಿನಕ್ಸಿನಲ್ಲಿ ಟರ್ಮಿನಲ್, ಥಾನಿ ಅಥವಾ ಜೀನಿಯಂಥ ಒಂದು ಸಂಪಾದಕ, ಬೇಕಿದ್ದರೆ ಲಿಬ್ರೆಆಫೀಸ್ ಇರಲಿ. 32ರ ಗಡಿಯ ಕಾಟವೂ ಅರ್ಧ ಇಳಿಯುತ್ತದೆ.

ಡೆಸ್ಕ್‌ಟಾಪ್ ಮಾತ್ರ ಅತಿ ಹಗುರದ್ದು ಬೇಡ, ಎಕ್ಸ್‌ಎಫ್‌ಸಿಇ ಇರಲಿ. ಓಪನ್‌ಬಾಕ್ಸಿನ ಬಡಕಲುತನ ಕಂಪ್ಯೂಟರಿನಲ್ಲಿ ಚಂದ. ಫೋನಿನಲ್ಲಿ ಗಾತ್ರ ಹಿಗ್ಗಿಸಲು, ಒಂದೇ ತಟ್ಟಿಗೆ ತೆರೆಯುವಂತೆ ಮಾಡಲು, ಪ್ಯಾನೆಲ್ ದಪ್ಪಗಾಗಿಸಲು ಒತ್ತುವ ಗುಂಡಿಗಳು ಬೇಕು. ಓಪನ್‌ಬಾಕ್ಸಿನಲ್ಲಿ ಹೆಚ್ಚಿನದಕ್ಕೆಲ್ಲ ಕಡತ ತೆರೆದು ಸಾಲು ತಿದ್ದಬೇಕು, ಅದೂ ಸಾಸಿವೆಯಂಥ ಅಕ್ಷರಗಳಲ್ಲಿ.

ಒಂದೂವರೆ ಮಿಲಿಮೀಟರಿನ ಗುಂಡಿ

ಈಗ ನಿಜವಾದ ಕಷ್ಟಕ್ಕೆ ಬರೋಣ. ಮಗಳ ಫೋನಿನದು ಆರೂವರೆ ಇಂಚಿನ ಪರದೆ, 1080 × 2400 ಬಿಂದುಗಳು. ಇಂಚಿಗೆ ಸುಮಾರು 405 ಬಿಂದು. ಎಕ್ಸ್11 ಮೂಲತಃ ಇಂಚಿಗೆ 96 ಬಿಂದು ಎಂದು ನಂಬಿಕೊಂಡು ಚಿತ್ರ ಬರೆಯುತ್ತದೆ. ವಿಂಡೋ ಮುಚ್ಚುವ ಗುಂಡಿ 24 ಬಿಂದು ಅಗಲವಿದೆ ಎಂದುಕೊಳ್ಳಿ. ಕಂಪ್ಯೂಟರಿನ ಮಾನಿಟರಿನಲ್ಲಿ ಅದು ಆರು ಮಿಲಿಮೀಟರಿಗಿಂತ ತುಸು ಹೆಚ್ಚು. ಈ ಫೋನಿನಲ್ಲಿ ಅದೇ ಗುಂಡಿ ಒಂದೂವರೆ ಮಿಲಿಮೀಟರ್. ಒಂದು ಸಜ್ಜೆ ಕಾಳನ್ನು ಹೆಬ್ಬೆರಳಿನಿಂದ ಒತ್ತುವ ಆಟ ಅದು. ಬೆರಳು ಗುಂಡಿಯನ್ನೂ ಮುಚ್ಚುತ್ತದೆ, ಅದರ ಅಕ್ಕಪಕ್ಕದ ಎರಡನ್ನೂ ಮುಚ್ಚುತ್ತದೆ.

ಗುಂಡಿಯನ್ನು ಹಿಗ್ಗಿಸಿದರಾಯಿತಲ್ಲ? ಆಂಡ್ರಾಯ್ಡ್ ಆ್ಯಪ್ ಬರೆಯುವವರಿಗೆ ಗೂಗಲ್ ಹೇಳುವ ಕನಿಷ್ಠ ಗಾತ್ರ 48 ಡಿಪಿ. ಡಿಪಿ ಎಂದರೆ ಇಂಚಿಗೆ 160 ಬರುವ ಅಳತೆ, ಆ ಲೆಕ್ಕದಲ್ಲಿ ಅದು ಏಳೂವರೆ ಮಿಲಿಮೀಟರ್ ದಾಟುತ್ತದೆ. ನಮ್ಮ ಒಂದೂವರೆಯನ್ನು ಅಲ್ಲಿಗೆ ತರಲು ಎಲ್ಲವನ್ನೂ ಐದು ಪಟ್ಟು ಹಿಗ್ಗಿಸಬೇಕು. ಐದು ಪಟ್ಟು ಹಿಗ್ಗಿಸಿದರೆ 1080 ಬಿಂದುಗಳ ಪರದೆ ಡೆಸ್ಕ್‌ಟಾಪಿನ ಲೆಕ್ಕದಲ್ಲಿ ಬರೀ 216 ಬಿಂದು ಅಗಲವಾಗುತ್ತದೆ. ಲಿಬ್ರೆಆಫೀಸಿನ ಒಂದು ಸಂವಾದ ಪೆಟ್ಟಿಗೆಯೂ ಅದರಲ್ಲಿ ಹಿಡಿಯುವುದಿಲ್ಲ. ಎರಡು ಪಟ್ಟಿಗೆ ನಿಲ್ಲಿಸಿದರೆ 540 × 1200. ಪರವಾಗಿಲ್ಲ ಎನ್ನಬಹುದು, ಆದರೆ ಫೋನನ್ನು ಅಡ್ಡ ಹಿಡಿದರೆ ಎತ್ತರ 540 ಮಾತ್ರ. ಆಗ ಉದ್ದನೆಯ ಪೆಟ್ಟಿಗೆಗಳ ತಳದಲ್ಲಿರುವ ಒಪ್ಪಿಗೆಯ ಗುಂಡಿ ಪರದೆಯ ಕೆಳಗೆ ಜಾರಿ ಹೋಗುತ್ತದೆ. ಕಂಪ್ಯೂಟರಿನಲ್ಲಾದರೆ ಆಲ್ಟ್ ಒತ್ತಿ ಹಿಡಿದು ವಿಂಡೋವನ್ನು ಮೇಲಕ್ಕೆ ಎಳೆಯುತ್ತಿದ್ದೆವು. ಇಲ್ಲಿ ಆಲ್ಟ್ ಎಲ್ಲಿದೆ? ಪರದೆಯ ಕೀಬೋರ್ಡ್ ತೆರೆಯಬೇಕು. ಅದು ತೆರೆದರೆ ಉಳಿದ ಎತ್ತರದಲ್ಲೂ ಅರ್ಧ ನುಂಗುತ್ತದೆ. ಉದ್ದಕ್ಕೆ ಹಿಡಿದರೆ ಅಗಲ ಸಾಲದು, ಅಡ್ಡಕ್ಕೆ ಹಿಡಿದರೆ ಎತ್ತರ ಸಾಲದು.

ಡೆಸ್ಕ್‌ಟಾಪ್ ಹುಟ್ಟಿದ್ದೇ ಮೌಸ್ ಎಂಬ ಇಲಿಯ ಮೊನೆಗಾಗಿ. ಇಲಿಯ ಬಾಣದ ತುದಿ ಒಂದೇ ಒಂದು ಬಿಂದು. ಬೆರಳ ತುದಿ ಹಾಗಲ್ಲ. 2009ರ ನೋಕಿಯಾ ಎನ್900 ಎಂಬ ಲಿನಕ್ಸ್ ಫೋನಿನಲ್ಲಿ ಮೂರೂವರೆ ಇಂಚಿನ ಪರದೆ, 256 ಎಂಬಿ ರ್‍ಯಾಮ್ ಇದ್ದೂ ಆಸಕ್ತರು ಡೆಬಿಯನ್ ಡೆಸ್ಕ್‌ಟಾಪ್ ಓಡಿಸುತ್ತಿದ್ದರು. ಅದರದು ಒತ್ತಡಕ್ಕೆ ಸ್ಪಂದಿಸುವ ಪರದೆ, ಉಗುರೂ ನಡೆಯುತ್ತಿತ್ತು, ಜೊತೆಗೆ ಬಂದ ಕಡ್ಡಿಯೂ ನಡೆಯುತ್ತಿತ್ತು. ಈಗಿನ ಪರದೆಗಳು ಚರ್ಮದ ವಿದ್ಯುತ್ ಗುಣವನ್ನು ಗುರುತಿಸುತ್ತವೆ. ನಯವಾದವು ನಿಜ, ಮೊನೆ ಮಾತ್ರ ಹೋಯಿತು.

ಎರಡು ವಾರ ಗುಂಡಿ ಹಿಗ್ಗಿಸಿ ಕುಗ್ಗಿಸಿ ಸಾಕಾಗಿ ಕೊನೆಗೆ ಕಣ್ಣಿಗೆ ಬಿದ್ದದ್ದು ಟರ್ಮಕ್ಸ್ ಎಕ್ಸ್11ರ ಸೆಟ್ಟಿಂಗಿನಲ್ಲಿ ಮೊದಲ ದಿನದಿಂದ ಇದ್ದ ಒಂದು ಆಯ್ಕೆ: ಟ್ರ್ಯಾಕ್‌ಪ್ಯಾಡ್. ಇದನ್ನು ಆರಿಸಿದರೆ ಬೆರಳು ಇಟ್ಟಲ್ಲಿ ಕ್ಲಿಕ್ ಆಗುವುದಿಲ್ಲ. ಇಡೀ ಪರದೆ ಲ್ಯಾಪ್‌ಟಾಪಿನ ಟಚ್‌ಪ್ಯಾಡ್ ಆಗುತ್ತದೆ. ಕೆಳಗಿನ ಮೂಲೆಯಲ್ಲಿ ಹೆಬ್ಬೆರಳು ಸವರಿದರೆ ಮೇಲೆಲ್ಲೋ ಬಾಣ ಚಲಿಸುತ್ತದೆ. ತಟ್ಟಿದರೆ ಕ್ಲಿಕ್, ಎರಡು ಬೆರಳಿನಲ್ಲಿ ತಟ್ಟಿದರೆ ಬಲ ಕ್ಲಿಕ್. ಗುಂಡಿ ಬೆರಳಿನಡಿ ಮರೆಯಾಗುವುದಿಲ್ಲ, ಬಾಣದ ಮೊನೆ ಒಂದೂವರೆ ಮಿಲಿಮೀಟರಿನ ಗುಂಡಿಯನ್ನೂ ಸರಿಯಾಗಿ ಹೊಡೆಯುತ್ತದೆ. ನಾನು ಇಷ್ಟು ದಿನ ಡೆಸ್ಕ್‌ಟಾಪನ್ನು ಬೆರಳಿಗೆ ಬಗ್ಗಿಸಲು ಹೆಣಗುತ್ತಿದ್ದೆ. ಬೆರಳನ್ನೇ ಇಲಿ ಮಾಡಿಬಿಟ್ಟರೆ ಮುಗಿಯಿತು. ಅಕ್ಷರ ಓದುವಷ್ಟು ದೊಡ್ಡದಾದರೆ ಸಾಕು, ಗುಂಡಿ ಒತ್ತುವಷ್ಟು ದೊಡ್ಡದಾಗಬೇಕಿಲ್ಲ.

ಅದಾದ ಮೇಲೆ ಉಳಿದದ್ದು ಸಣ್ಣ ತಿದ್ದುಪಡಿಗಳು. ಎಕ್ಸ್‌ಎಫ್‌ಸಿಇಯ ನೋಟದ ಸೆಟ್ಟಿಂಗಿನಲ್ಲಿ ಅಕ್ಷರದ ಡಿಪಿಐಯನ್ನು, ಅಂದರೆ ಇಂಚಿಗೆ ಎಷ್ಟು ಬಿಂದು ಎಂಬ ಅಂಕಿಯನ್ನು, 96ರಿಂದ 192ರ ಆಸುಪಾಸಿಗೆ ಏರಿಸಿ. ಆಗ ಅಕ್ಷರ ದೊಡ್ಡದಾದರೂ ವಿಂಡೋ ತಲೆಪಟ್ಟಿಯ ಗುಂಡಿಗಳು ಹಾಗೆಯೇ ಉಳಿಯುತ್ತವೆ, ಏಕೆಂದರೆ ಅವು ಸಿದ್ಧ ಚಿತ್ರಗಳು. ಅದಕ್ಕಾಗಿಯೇ ಎಕ್ಸ್‌ಎಚ್‌ಡಿಪಿಐ ಎಂಬ ಬಾಲವಿರುವ ದಪ್ಪ ಥೀಮ್ ವಿಂಡೋ ನಿರ್ವಾಹಕದ ಪಟ್ಟಿಯಲ್ಲಿರುತ್ತದೆ, ಅದನ್ನು ಆರಿಸಿ. ಥುನಾರ್ ಕಡತ ನಿರ್ವಾಹಕದಲ್ಲಿ ಒಂದೇ ಕ್ಲಿಕ್ಕಿಗೆ ತೆರೆಯುವ ಆಯ್ಕೆ ಹಾಕಿ. ಬೆರಳಿನ ಎರಡು ತಟ್ಟುಗಳು ಒಂದೇ ಜಾಗದಲ್ಲಿ ಬೀಳುವುದಿಲ್ಲ, ಹಾಗಾಗಿ ಡಬಲ್ ಕ್ಲಿಕ್ ಹತ್ತರಲ್ಲಿ ನಾಲ್ಕು ಸಲ ತಪ್ಪುತ್ತದೆ. ಪರದೆ ಮಸುಕಾಗಿಸುವ ಉಳಿತಾಯವನ್ನು ಡೆಬಿಯನ್ನಿನಲ್ಲಿ ನಿಲ್ಲಿಸಿಬಿಡಿ, ಆ ಕೆಲಸವನ್ನು ಆಂಡ್ರಾಯ್ಡ್ ಹೇಗೂ ಮಾಡುತ್ತದೆ.

ಬ್ಲೂಟೂತ್ ಕೀಬೋರ್ಡ್ ಒಂದನ್ನು ಕೊಂಡರೆ ಈ ಅಧ್ಯಾಯದ ಮುಕ್ಕಾಲು ಪಾಲು ಬೇಕಾಗುವುದಿಲ್ಲ ಎಂಬುದನ್ನೂ ಹೇಳಬೇಕು. ಪರದೆ ಪೂರ್ತಿ ನಿಮ್ಮದಾಗುತ್ತದೆ. ಒಟಿಜಿ ತಂತಿಯಲ್ಲಿ ಸಿಕ್ಕಿಸುವ ಕೀಬೋರ್ಡೂ ನಡೆಯುತ್ತದೆ, ಆದರೆ ಚಾರ್ಜರಿನ ಜಾಗ ಅದಕ್ಕೇ ಹೋಗುತ್ತದೆ. ಟಿವಿಗೆ ಜೋಡಿಸುವ ಆಸೆ ಇದ್ದರೆ ಮೊದಲು ವಿಚಾರಿಸಿ. ಅಗ್ಗದ ಫೋನುಗಳ ಟೈಪ್-ಸಿ ರಂಧ್ರದಿಂದ ಸಾಮಾನ್ಯವಾಗಿ ಚಿತ್ರ ಹೊರಬರುವುದಿಲ್ಲ, ರಂಧ್ರದ ಆಕಾರ ಒಂದೇ ಇದ್ದರೂ.

ಕನ್ನಡ ಬರಬೇಕಲ್ಲ

ಡೆಬಿಯನ್ ಹೊಸದಾಗಿ ಹಾಕಿದಾಗ ಕನ್ನಡದ ಜಾಗದಲ್ಲಿ ಖಾಲಿ ಚೌಕಗಳು ಕಾಣುವ ಸಂಭವವೇ ಹೆಚ್ಚು. ಅಕ್ಷರ ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೇ. ಡೆಬಿಯನ್ನಿನ ಕನ್ನಡ ಫಾಂಟುಗಳ ಕಟ್ಟು ಹಾಕಿದರೆ ಗುಬ್ಬಿ, ನವಿಲು ಬರುತ್ತವೆ. ನೋಟೊ ಸಾನ್ಸ್ ಕನ್ನಡವನ್ನು ಬೇರೆಯಾಗಿ ಹಾಕಿಕೊಳ್ಳಬಹುದು. ಸಣ್ಣ ಪರದೆಗೆ ನನಗೆ ನೋಟೊ ಹಿತವೆನಿಸಿತು, ಒತ್ತಕ್ಷರ ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ.

ಬರೆಯಲು ಐಬಸ್ ಮತ್ತು ಎಂ17ಎನ್ ಎಂಬ ಜೋಡಿ. ಅದರಲ್ಲಿ ಕಗಪ ಎಂಬ ಕೀಲಿಮಣೆ ವಿನ್ಯಾಸ ಸಿಗುತ್ತದೆ, ನುಡಿ ಬಳಸಿದವರ ಬೆರಳಿಗೆ ಅದು ಗೊತ್ತು. ರಾಯಚೂರು ಎಂದು ಬರೆಯಲು ಆರ್, ದೊಡ್ಡ ಎ, ವೈ, ಸಿ, ದೊಡ್ಡ ಯು, ಆರ್, ಚಿಕ್ಕ ಯು, ಹೀಗೆ ಏಳು ಕೀಲಿ. ಪರದೆಯ ಕೀಬೋರ್ಡಿನಲ್ಲಿ ಪ್ರತಿ ದೊಡ್ಡಕ್ಷರಕ್ಕೂ ಶಿಫ್ಟ್ ಬೇರೆ ತಟ್ಟಬೇಕಾದ್ದರಿಂದ ಒಂಬತ್ತು. ಪ್ರೂಟಿನಲ್ಲಿ ಐಬಸ್ ತಾನಾಗಿ ಏಳುವುದಿಲ್ಲ. ಡೆಸ್ಕ್‌ಟಾಪ್ ಆರಂಭಿಸುವ ಸಣ್ಣ ಸ್ಕ್ರಿಪ್ಟಿನಲ್ಲೇ ಅದನ್ನು ಎಬ್ಬಿಸಿ, ಬರವಣಿಗೆಗೆ ಐಬಸ್ಸನ್ನೇ ಕೇಳಿ ಎಂದು ಉಳಿದ ತಂತ್ರಾಂಶಗಳಿಗೆ ಹೇಳುವ ಮೂರು ಪರಿಸರ ಚರಾಂಶಗಳನ್ನು ಬರೆದಿಡಬೇಕು.

ಸಂಪಾದಕದಲ್ಲಿ ಕನ್ನಡ ಸರಿಯಾಗಿ ಕಂಡು ಟರ್ಮಿನಲ್ಲಿನಲ್ಲಿ ಒಡೆದು ಕಾಣುವುದು ಹಲವರ ದೂರು. “ರಾಷ್ಟ್ರ” ಎಂಬ ಪದದ ಷ್ಟ್ರ ನೋಡಿ. ಯೂನಿಕೋಡಿನಲ್ಲಿ ಅದು ಷ, ವಿರಾಮ, ಟ, ವಿರಾಮ, ರ ಎಂಬ ಐದು ಸಂಕೇತ. ಕಣ್ಣಿಗೆ ಒಂದೇ ಅಕ್ಷರ, ಕೆಳಗೆ ಎರಡು ಒತ್ತು. ಸಂಪಾದಕದಲ್ಲಿ ಈ ಐದನ್ನೂ ಒಟ್ಟಿಗೆ ನೋಡಿ ಆಕಾರ ಕೂಡಿಸುವ ಕೆಲಸವನ್ನು ಹಾರ್ಫ್‌ಬಝ್ ಎಂಬ ಲೈಬ್ರರಿ ಮಾಡುತ್ತದೆ. ಟರ್ಮಿನಲ್ ಹಳೆಯ ಟೈಪ್‌ರೈಟರ್ ಮನೋಧರ್ಮದ್ದು. ಪರದೆಯನ್ನು ಸಮ ಅಗಲದ ಮನೆಗಳಾಗಿ ಹಂಚಿ, ಸಂಕೇತಗಳನ್ನು ಬಿಡಿಬಿಡಿಯಾಗಿ ಕೂರಿಸುತ್ತದೆ. ಒತ್ತು ಪಕ್ಕದ ಮನೆಗೆ ಹೋಗಿ ಕೂತುಬಿಡುತ್ತದೆ. ಕಡತದೊಳಗಿನ ಕನ್ನಡ ಕೆಟ್ಟಿರುವುದಿಲ್ಲ, ಗಾಬರಿ ಬೇಡ.

ಆಂಡ್ರಾಯ್ಡ್ ಅಳಿಸಿ

ಎರಡನೆಯ ದಾರಿಯಲ್ಲಿ ಗುಮಾಸ್ತನೂ ಇಲ್ಲ, 32ರ ಗಡಿಯೂ ಇಲ್ಲ. ಆಂಡ್ರಾಯ್ಡೂ ಇಲ್ಲ. ಇದರಲ್ಲಿ ಹೆಸರಾದದ್ದು 2017ರಲ್ಲಿ ಶುರುವಾದ ಪೋಸ್ಟ್‌ಮಾರ್ಕೆಟ್‌ಓಎಸ್. ಕಂಪನಿ ಕೈಬಿಟ್ಟ ಫೋನಿಗೆ ಹತ್ತು ವರ್ಷದ ಆಯುಸ್ಸು ಕೊಡಬೇಕೆಂಬುದು ಅದರ ಹಂಬಲ. ತಳದಲ್ಲಿ ಆಲ್ಪೈನ್ ಎಂಬ ಅತಿ ಸಣ್ಣ ಲಿನಕ್ಸ್, ಮೇಲೆ ನಿಮ್ಮ ಇಷ್ಟದ ಮುಖ. ಎಕ್ಸ್‌ಎಫ್‌ಸಿಇ ಹಾಕಬಹುದು. ಬೆರಳಿಗೆಂದೇ ಹುಟ್ಟಿದ ಫಾಶ್ ಅಥವಾ ಪ್ಲಾಸ್ಮಾ ಮೊಬೈಲ್ ಕೂಡ ಹಾಕಬಹುದು, ಈ ದಾರಿ ಹಿಡಿದವರಿಗೆ ನಾನು ಹೇಳುವುದು ಇವನ್ನೇ.

ಇಲ್ಲಿ ಎಲ್ಲವೂ ನಿಂತಿರುವುದು ಫೋನಿನ ಮಾದರಿಯ ಮೇಲೆ. ಪ್ರತಿ ತಯಾರಕರೂ ಕರ್ನೆಲ್ಲಿನ ಒಂದು ಹಳೆಯ ಪ್ರತಿಯನ್ನು ತಮ್ಮ ಚಿಪ್ಪಿಗೆ ತಕ್ಕಂತೆ ತಿದ್ದಿ, ಕ್ಯಾಮೆರಾ ಮುಂತಾದವುಗಳ ಚಾಲಕಗಳನ್ನು ಗುಟ್ಟಾಗಿಟ್ಟು ಮಾರುತ್ತಾರೆ. ಮುಖ್ಯ ಕರ್ನೆಲ್ಲಿನಲ್ಲಿ ಆ ಚಿಪ್ಪಿಗೆ ಬೆಂಬಲ ಬಂದ ಮೇಲೆಯೇ ಒಳ್ಳೆಯ ದಿನಗಳು. ಸ್ನಾಪ್‌ಡ್ರಾಗನ್ 845 ಇರುವ 2018ರ ಒನ್‌ಪ್ಲಸ್ 6 ಮತ್ತು ಪೊಕೊ ಎಫ್1 ಆ ಅದೃಷ್ಟವಂತರ ಸಾಲಿನವು. ಆದರೇನು, ಒಂದೇ ಹೆಸರಿನ ಫೋನಿನಲ್ಲೂ ಗುಟ್ಟುಗಳಿರುತ್ತವೆ. ಪೊಕೊ ಎಫ್1ಗೆ ಟಿಯಾನ್ಮಾ, ಇಬಿಬಿಜಿ ಎಂಬ ಎರಡು ತಯಾರಕರ ಪರದೆಗಳಿವೆ. ಹೊರಗಿನಿಂದ ಅವಳಿ ಮಕ್ಕಳು. ಆದರೆ ಎರಡಕ್ಕೂ ಬೇರೆ ಬೇರೆ ಇಮೇಜ್ ಕಡತ, ಅಂದರೆ ಇಡೀ ವ್ಯವಸ್ಥೆಯನ್ನು ಹೊತ್ತ ಕಡತ, ಇಳಿಸಿಕೊಳ್ಳಬೇಕು. ನಿಮ್ಮದು ಯಾವುದೆಂದು ಆಂಡ್ರಾಯ್ಡ್ ಇರುವಾಗಲೇ ನೋಡಿ ಬರೆದಿಟ್ಟುಕೊಳ್ಳುವುದು ಜಾಣತನ.

ಹಾಕುವ ಕ್ರಮ ಚಿಕ್ಕದು. ಫೋನನ್ನು ಚಾಲೂ ಮಾಡುವ ಬೂಟ್‌ಲೋಡರ್ ಎಂಬ ತಂತ್ರಾಂಶದ ಬೀಗ ತೆಗೆಯಬೇಕು, ಫಾಸ್ಟ್‌ಬೂಟ್ ಎಂಬ ಉಪಕರಣದ ಮೂಲಕ ಇಮೇಜ್ ಕಡತ ಬರೆಯಬೇಕು. ಬೀಗ ತೆಗೆದ ಕ್ಷಣ ಫೋನಿನಲ್ಲಿರುವ ಎಲ್ಲ ಫೋಟೊ, ಎಲ್ಲ ಸಂದೇಶ ಅಳಿಸಿ ಹೋಗುತ್ತವೆ. ಸಿದ್ಧ ಕಡತದಿಂದ ಹಾಕಿದರೆ ಮೊದಲ ಪ್ರವೇಶದ ಪಾಸ್‌ವರ್ಡ್ 147147, ಒಳಗೆ ಹೋದ ಕೂಡಲೇ ಬದಲಿಸಿ. ಬೇರೆ ವ್ಯವಸ್ಥೆ ಹಾಕಿದ ಮೇಲೆ ಬೀಗವನ್ನು ಮತ್ತೆ ಹಾಕಲು ಹೋಗಬೇಡಿ, ಫೋನು ಇಟ್ಟಿಗೆಯಾದೀತು. ಯುಪಿಐ ಇರುವ ಫೋನಿನ ಮೇಲಂತೂ ಈ ಪ್ರಯೋಗವೇ ಬೇಡ. ಹಾಲಿನವನಿಗೆ ದುಡ್ಡು ಕೊಡಲು ಲಿನಕ್ಸ್ ಡೆಸ್ಕ್‌ಟಾಪ್ ನೆರವಿಗೆ ಬರುವುದಿಲ್ಲ.

ಈ ದಾರಿಯಲ್ಲಿ ಎಕ್ಸ್‌ಎಫ್‌ಸಿಇ ಆರಿಸಿದವರಿಗೆ ಒಂದು ತಮಾಷೆ ಕಾದಿರುತ್ತದೆ. ಚಿತ್ರವನ್ನು ಬಲಕ್ಕೆ ತಿರುಗಿಸುತ್ತೀರಿ, ತಿರುಗುತ್ತದೆ. ಮೆನು ಒತ್ತುತ್ತೀರಿ, ಇನ್ನೊಂದು ಮೂಲೆಯಲ್ಲಿ ಏನೋ ತೆರೆಯುತ್ತದೆ. ಎಕ್ಸ್11ಗೆ ಚಿತ್ರ ಬೇರೆ, ಸ್ಪರ್ಶ ಬೇರೆ. ಒಂದನ್ನು ತಿರುಗಿಸಿದ್ದು ಇನ್ನೊಂದಕ್ಕೆ ಗೊತ್ತಿಲ್ಲ. ಸ್ಪರ್ಶಕ್ಕೆ ಒಂಬತ್ತು ಅಂಕಿಗಳ ಕೋಷ್ಟಕವೊಂದನ್ನು ಕೊಡಬೇಕು: 0 1 0, −1 0 1, 0 0 1. ನೋಡಲು ಮಂತ್ರದಂತಿದೆ, ಆದರೆ ಹೇಳುವುದು ಎರಡೇ ಮಾತು. ಹೊಸ ಅಡ್ಡ ದೂರ ಎಂದರೆ ಹಳೆಯ ಉದ್ದ ದೂರ. ಹೊಸ ಉದ್ದ ದೂರ ಎಂದರೆ ಒಂದರಲ್ಲಿ ಹಳೆಯ ಅಡ್ಡ ದೂರ ಕಳೆದದ್ದು. ಫೋನಿನ ಬಲ ಮೇಲಿನ ಮೂಲೆಯಲ್ಲಿ ಬೆರಳಿಟ್ಟರೆ ಹಳೆಯ ಲೆಕ್ಕ ಅಡ್ಡಕ್ಕೆ 1, ಉದ್ದಕ್ಕೆ 0. ಸೂತ್ರ ಹಾಕಿದರೆ ಎರಡೂ 0, ಅಂದರೆ ತಿರುಗಿದ ಚಿತ್ರದ ಎಡ ಮೇಲಿನ ಮೂಲೆ. ಅಲ್ಲೇ ಮೆನು ಇರುವುದು.

ಬಿಸಿಲು

ರಾಯಚೂರಿನ ಬೇಸಿಗೆಯನ್ನು ಬಿಟ್ಟು ಈ ಲೇಖನ ಮುಗಿಸಿದರೆ ಊರಿನವರು ನಗುತ್ತಾರೆ. ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿ ಸೆಲ್ಸಿಯಸ್ ಮೀರಿ ಚಾರ್ಜ್ ಮಾಡಬಾರದು ಎಂಬುದು ಸಾಮಾನ್ಯ ನಿಯಮ. ಮೇ ತಿಂಗಳ ಮಧ್ಯಾಹ್ನ ನಮ್ಮಲ್ಲಿ ನೆರಳಿನ ಗಾಳಿಯೇ 40 ದಾಟಿರುತ್ತದೆ. ಅದರ ಮೇಲೆ ಗ್ರಾಫಿಕ್ಸ್ ಕೆಲಸವನ್ನೂ ಹೊತ್ತ ಪ್ರೊಸೆಸರ್, ಅದರ ಮೇಲೆ ಚಾರ್ಜರ್. ಡೆಸ್ಕ್‌ಟಾಪ್ ಮಾಡಿಕೊಂಡ ಫೋನನ್ನು ದಿನವಿಡೀ ಚಾರ್ಜಿಗೆ ಹಾಕಿಡುವ ಚಾಳಿ ಬೇಗ ಬರುತ್ತದೆ, ಬ್ಯಾಟರಿ ಉಬ್ಬಿ ಹಿಂಬದಿಯ ಮುಚ್ಚಳ ಏಳುವುದು ಆಮೇಲೆ ಬರುತ್ತದೆ. ನಮ್ಮ ಮನೆಯ ನಿಯಮ ಇಷ್ಟು: ಚಾರ್ಜ್ ಬೆಳಿಗ್ಗೆ ಅಥವಾ ರಾತ್ರಿ, ಪ್ರೋಗ್ರಾಂ ಬರೆಯುವಾಗ ತಂತಿ ಹೊರಗೆ, ರಬ್ಬರ್ ಕವಚ ತೆಗೆದು ಫೋನನ್ನು ಸ್ಟೀಲ್ ತಟ್ಟೆಗೆ ಒರಗಿಸುವುದು. ತಟ್ಟೆ ಶಾಖ ಹೀರುತ್ತದೆ, ಫೋನು ನಿಂತೂ ಇರುತ್ತದೆ.

ವಾರಕ್ಕೊಮ್ಮೆ ಪ್ರೂಟ್-ಡಿಸ್ಟ್ರೊದ ಬ್ಯಾಕಪ್ ಆಜ್ಞೆ ಕೊಟ್ಟರೆ ಇಡೀ ಡೆಬಿಯನ್ ಒಂದೇ ಕಡತವಾಗಿ ಹೊರಬರುತ್ತದೆ. ಅದನ್ನು ಅಂಗಡಿಯ ಕಂಪ್ಯೂಟರಿಗೆ ನಕಲಿಸಿಡುತ್ತೇವೆ. ಹೋದ ತಿಂಗಳು ಮಗಳ ಫೋನು ಮೆಟ್ಟಿಲ ಮೇಲಿಂದ ಜಾರಿ ಪರದೆ ಚೂರಾಯಿತು. ಅವಳ ತಮ್ಮನ ಫೋನಿನಲ್ಲಿ ಟರ್ಮಕ್ಸ್ ಹಾಕಿ ಆ ಕಡತ ಬಿಡಿಸಿದೆವು. ಅರ್ಧ ಗಂಟೆಯಲ್ಲಿ ಅದೇ ನೀಲಿ ಹಿನ್ನೆಲೆ, ಅದೇ ದಪ್ಪ ಪ್ಯಾನೆಲ್, ಅವಳು ಬರೆದಿಟ್ಟ ಪ್ರೋಗ್ರಾಮುಗಳು. ಅವನ ಪರದೆ ಚಿಕ್ಕದಾದ್ದರಿಂದ ಡಿಪಿಐ ಮಾತ್ರ ಇನ್ನೊಮ್ಮೆ ತಿದ್ದಬೇಕಾಯಿತು.